ಎರಡನೆಯ ಬೆಂಕಿ

ಭಾನುವಾರ, 4 ಮೇ 2025, ರಾತ್ರಿ

ಆರಾಧನೆ ಮುಗಿದ ಮೇಲೆ ಅಕ್ಕ ನನ್ನನ್ನು ಹೆಸರು ಹಿಡಿದು ಕರೆದರು. ನಾಲ್ಕು ತಿಂಗಳ ನಂತರ.

ನಾನು ಮಾಡಿದ್ದನ್ನು ನೇರವಾಗಿಯೇ ಬರೆಯುತ್ತೇನೆ. ಅವರು ಅಳುತ್ತಾ ನನ್ನೊಬ್ಬಳಿಗೆ ಹೇಳಿಕೊಂಡದ್ದನ್ನು ನಾನು ಇನ್ನಿಬ್ಬರಿಗೆ ಹೇಳಿದೆ. "ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ" ಎಂಬ ಮಾತನ್ನು ಮುಂದಿಟ್ಟುಕೊಂಡು ಹೇಳಿದೆ. ಅದು ಪ್ರಾರ್ಥನೆಗಾಗಿ ಅಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ವಾರದೊಳಗೆ ಅದು ಅವರ ಕಿವಿಗೇ ಬಿತ್ತು. ಕ್ಷಮೆ ಕೇಳಲು ಹೋದಾಗ "ಈಗ ಬೇಡ" ಎಂದಷ್ಟೇ ಹೇಳಿ ಬಾಗಿಲು ಮುಚ್ಚಿಕೊಂಡರು. ಅಂದಿನಿಂದ ಸಂಡೇ ಸ್ಕೂಲ್ ಬಿಟ್ಟೆ, ಪ್ರಾರ್ಥನಾ ಕೂಟದಲ್ಲಿ ಬಾಯಿ ತೆರೆಯಲಿಲ್ಲ. ಅದನ್ನು ದೀನತೆ ಎಂದುಕೊಂಡಿದ್ದೆ.

ಇಂದಿನ ಪಾಠ ಬೈಬಲಿನ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ, ಸತ್ತು ಎದ್ದ ಯೇಸು ಶಿಷ್ಯರಿಗೆ ಕಾಣಿಸಿಕೊಂಡದ್ದು. ಬೆಳಗಿನ ಜಾವ, ತಿಬೇರಿಯ ಸಮುದ್ರದ ದಡ, ಕೆಂಡದ ಮೇಲೆ ಮೀನು. ಸಭಾಪಾಲಕರು ಬಲೆಯಲ್ಲಿ ಸಿಕ್ಕ 153 ಮೀನುಗಳವರೆಗೆ ಹೋದರು, ನನ್ನ ಮನಸ್ಸು ಕೆಂಡದ ಬಳಿಯೇ ನಿಂತುಬಿಟ್ಟಿತು. ಇದ್ದಲಿನ ಬೆಂಕಿಗೆ ಗ್ರೀಕ್ ಮೂಲದಲ್ಲಿರುವ 'ಅಂಥ್ರಕಿಯಾ' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಒಂದು ಇಲ್ಲಿ. ಇನ್ನೊಂದು 18ನೆಯ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ, ಯೇಸುವನ್ನು ಹಿಡಿದೊಯ್ದ ರಾತ್ರಿ ಶಿಷ್ಯನಾದ ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ, ನೀನೂ ಅವನ ಶಿಷ್ಯನಲ್ಲವೇ ಎಂದವರಿಗೆ "ನಾನಲ್ಲ" ಎಂದ ಕಡೆ. ಆ ಹೊಗೆಯ ವಾಸನೆಯನ್ನು ಅವನು ಮರೆತಿರಲು ಸಾಧ್ಯವೇ? ಯೇಸು ಅಂಥದೇ ಬೆಂಕಿಯ ಬಳಿಗೆ ಅವನನ್ನು ಕರೆದನು. ಆದರೆ ಮೊದಲು ಊಟ. ಪ್ರಶ್ನೆ ಊಟವಾದ ಮೇಲೆ.

"ನೀನು ನನ್ನನ್ನು ಪ್ರೀತಿಸುತ್ತೀಯೋ?" ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ. "ಏಕೆ ಹಾಗೆ ಮಾಡಿದೆ?" ಎಂದು ಒಂದು ಸಲವೂ ಕೇಳಲಿಲ್ಲ. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂದೂ ಯೋಹಾನನು ಬರೆದಿದ್ದಾನೆ. ಕೃಪೆ ಗಾಯವನ್ನು ಮುಟ್ಟಿಯೇ ಮುಟ್ಟಿತು. ಪ್ರತಿ ಉತ್ತರದ ಬೆನ್ನಿಗೇ ತನ್ನ ಕುರಿಗಳನ್ನು, ಎಂದರೆ ತನ್ನ ಜನರನ್ನು, ಅವನ ಕೈಗೆ ಒಪ್ಪಿಸಿದನು. ಬಿಟ್ಟು ಓಡಿದವನ ಕೈಗೆ! ಲೂಕನ ಸುವಾರ್ತೆಯ 22ನೆಯ ಅಧ್ಯಾಯದಲ್ಲಂತೂ, ಪೇತ್ರನು ಅಲ್ಲಗಳೆದು ಕೋಳಿ ಕೂಗುವುದಕ್ಕೆ ಮೊದಲೇ ಹೇಳಿಟ್ಟಿದ್ದನು: ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. 'ತಿರುಗಿಕೊಂಡರೆ' ಅಲ್ಲ, 'ತಿರುಗಿಕೊಂಡ ಮೇಲೆ'. ಈ ಒಂದು ಮಾತು ಇಷ್ಟು ವರ್ಷ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ.

"ಕ್ಷಮಿಸಿದ್ದೇನೆ ಎಂದು ಪೂರ್ತಿಯಾಗಿ ಹೇಳಲು ಇನ್ನೂ ಆಗುತ್ತಿಲ್ಲ," ಎಂದರು ಅಕ್ಕ. "ಕೆಲವು ದಿನ ಆಗುತ್ತದೆ. ಮರುದಿನ ಮತ್ತೆ ಮೊದಲಿನಿಂದ."

ನಾನು ತಲೆ ತಗ್ಗಿಸಿ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅವರೇ, "ಒಂದು ವಿಷಯವಿದೆ, ಯಾರಿಗೂ ಹೇಳಿಲ್ಲ. ಪ್ರಾರ್ಥಿಸುತ್ತೀಯಾ?" ಎಂದರು.

"ನನಗೆ ಹೇಳಬೇಡಿ ಅಕ್ಕ." ನಿಜವಾಗಿಯೂ ಹೆದರಿದ್ದೆ.

"ನಿನಗೇ ಹೇಳಬೇಕು."

ಹೇಳಿದರು. ಈ ಪುಟ ಬರೆಯಲೇ ಎಂದು ಆಮೇಲೆ ಅವರನ್ನೇ ಕೇಳಿದೆ. "ನಿನ್ನ ತಪ್ಪನ್ನು ಬರೆ, ನನ್ನ ವಿಷಯ ಬಿಡು" ಎಂದರು.

ಪಾತ್ರೆಗಳು ಹಾಗೆಯೇ ಬಿದ್ದಿವೆ. ಮೊಣಕಾಲೂರಿ ಆ ವಿಷಯವನ್ನು ದೇವರಿಗೆ ಹೇಳುವಾಗಲೂ ದನಿ ತಾನಾಗಿ ತಗ್ಗಿತು. ಸಂಜೆ ಒಬ್ಬರು ಫೋನ್ ಮಾಡಿ, ಅಕ್ಕ ಏನು ಹೇಳಿದರು ಎಂದು ಕೇಳಿದರು. ಅಂದು ನಾನು ಹೇಳಿದ ಇಬ್ಬರಲ್ಲಿ ಒಬ್ಬರು. "ಮಾತಾಡಿದೆವು" ಎಂದಷ್ಟೇ ಹೇಳಿದೆ. ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು. ಅವರಿಬ್ಬರ ಬಳಿಗೂ ಹೋಗಿ, ಅಂದು ಪ್ರಾರ್ಥನೆಗಾಗಿ ಹೇಳಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನಾಳೆಯೇ ಹೋಗಬೇಕೋ, ಅಥವಾ ಮೊದಲು ಅಕ್ಕನನ್ನು...