ಇಪ್ಪತ್ತು ನಿಮಿಷಕ್ಕೆ ಅರ್ಧ ದಿನ

ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ನಾನು ಐದು ವರ್ಷ ಕೆಲಸ ಮಾಡಿದೆ. ಸುಮಾರು ಎಂಟುನೂರು ಜನ ಇದ್ದರು, ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರು. ಹಾಜರಿ ನೋಡುವುದು, ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಲೆಕ್ಕ ಹಾಕುವುದು, ತಿಂಗಳ ಕೊನೆಯಲ್ಲಿ ಸಂಬಳದ ಪಟ್ಟಿ ಸಿದ್ಧ ಮಾಡುವುದು ನನ್ನ ಕೆಲಸ.

ಹೊಸಬರು ಸೇರಿದಾಗ ಹಾಜರಿಯ ಸಾಫ್ಟ್‌ವೇರಿನಲ್ಲಿ ಅವರ ಹೆಸರು, ಊರು, ಪಿಎಫ್ ನಂಬರು ಎಲ್ಲ ತುಂಬಿದ ಮೇಲೆ ಕೆಟಗರಿ ಅನ್ನುವ ಒಂದು ಕಾಲಂ ಬರುತ್ತಿತ್ತು. ‘ವರ್ಕರ್’ ಅಥವಾ ‘ಸ್ಟಾಫ್’, ಎರಡರಲ್ಲಿ ಒಂದನ್ನು ಒತ್ತಬೇಕು. ಒತ್ತಿದ್ದೇ ತಡ, ಉಳಿದ ನಿಯಮಗಳೆಲ್ಲ ತಾವಾಗಿಯೇ ಬಂದು ಕೂರುತ್ತಿದ್ದವು. ವರ್ಕರ್ ಅಂದರೆ ದಿನದ ಲೆಕ್ಕದ ಕೂಲಿ. ಎಂಟೂವರೆಗೆ ಶಿಫ್ಟು, ಹತ್ತು ನಿಮಿಷ ರಿಯಾಯಿತಿ, 8:40 ದಾಟಿದರೆ ಅರ್ಧ ದಿನ ಕಟ್. ಸ್ಟಾಫ್ ಅಂದರೆ ತಿಂಗಳ ಸಂಬಳ. ಪಂಚ್ ಬಿದ್ದಿದ್ದರೆ ಸಾಕು, ಎಷ್ಟು ಹೊತ್ತಿಗೆ ಬಿತ್ತು ಅಂತ ಸಾಫ್ಟ್‌ವೇರ್ ನೋಡುತ್ತಿರಲಿಲ್ಲ. ಮೂರು ವರ್ಷ ನಾನು ಆ ಕಾಲಂ ತುಂಬುತ್ತಲೇ ಇದ್ದೆ. ಅದರಲ್ಲಿ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

2015ರ ಜುಲೈ. ಬೆಳಿಗ್ಗೆಯಿಂದ ಜಡಿಮಳೆ. ಹಳ್ಳಿಗಳಿಂದ ಹೆಂಗಸರನ್ನು ಕರೆತರುವ ವ್ಯಾನುಗಳಲ್ಲಿ ಒಂದು ದಾರಿಯಲ್ಲಿ ಪಂಕ್ಚರ್ ಆಯಿತು. ವ್ಯಾನು ಕಂಪನಿಯೇ ಗೊತ್ತುಮಾಡಿದ್ದು. ಅದರಲ್ಲಿದ್ದ ಹದಿನಾಲ್ಕು ಜನ ಉಳಿದ ದಾರಿ ನಡೆದುಕೊಂಡು ಬಂದು ಗೇಟು ಮುಟ್ಟಿದಾಗ 8:50. ಸೆಕ್ಯುರಿಟಿಯವರು ಸೈಕಲ್ ಸ್ಟ್ಯಾಂಡಿನ ಶೀಟಿನ ಕೆಳಗೆ ಅವರನ್ನು ನಿಲ್ಲಿಸಿ ಹೆಸರು ಬರೆದುಕೊಂಡು ಒಳಗೆ ಬಿಟ್ಟರು. ಸೀರೆ ಅಂಚು ಹಿಂಡಿಕೊಂಡು ಎಲ್ಲರೂ ಮಷಿನ್ ಮುಂದೆ ಕೂತರು. ಅರ್ಧ ದಿನದ ಕೂಲಿ ಹಿಡಿದರೂ ಆ ಅರ್ಧ ದಿನದ ಕೆಲಸ ಬೇಡ ಅಂತ ಯಾರೂ ಅನ್ನಲಿಲ್ಲ. ಒಂಬತ್ತರಿಂದ ಹತ್ತರವರೆಗಿನ ಅವರ ಪೀಸುಗಳು ಲೈನಿನ ಬೋರ್ಡಿನಲ್ಲಿ ಎಂದಿನಂತೆ ಬರೆದಿದ್ದವು. ಸಂಜೆ ಐದರವರೆಗೆ ಹೊಲಿದರು, ಅರ್ಧ ದಿನದ ಹಾಜರಿ ಪಡೆದರು.

ಅದೇ ದಿನ, ಅದೇ ಮಳೆಗೆ, ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸಿಂಗ್ ವಿಭಾಗದ ಮೂವರು ಸ್ಟಾಫ್ ಹನ್ನೊಂದು ಗಂಟೆಗೆ ಬಂದರು. ರಸ್ತೆಯಲ್ಲಿ ನೀರು ನಿಂತಿತ್ತಂತೆ. ಅವರ ಮಾತು ಸುಳ್ಳಲ್ಲ. ನನ್ನ ಪರದೆಯ ಮೇಲೆ ಆ ಮೂವರಿಗೂ ಪೂರ್ತಿ ಹಾಜರಿ.

ಸಂಬಳದ ಚೀಟಿ ಕೊಟ್ಟ ದಿನ ಕಾಲರ್ ಕೂಡಿಸುವ ಅಕ್ಕ ಒಬ್ಬರು ನನ್ನ ಕಿಟಕಿಗೆ ಬಂದರು.

“ಸಾರ್, ವ್ಯಾನು ಕಂಪನೀದು, ಡ್ರೈವರು ಕಂಪನಿ ಕಡೆಯೋನು. ನಾನೇನು ಟೈರಿಗೆ ಮೊಳೆ ಹೊಡೆದ್ನಾ?”

“ಸಿಸ್ಟಂ ತಗೊಂಡ್ಬಿಟ್ಟಿದೆ ಅಕ್ಕಾ, ನನ್ನ ಕೈಲಿಲ್ಲ.”

“ಸಿಸ್ಟಮ್ಮಿಗೆ ಹಂಗೆ ತಗೋ ಅಂತ ಹೇಳ್ಕೊಟ್ಟೋರು ಯಾರು ಸಾರ್?”

ಅವರು ಜಗಳಕ್ಕೆ ಬಂದಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಹೇಳಿಕೊಟ್ಟವನು ನಾನೇ. ಅವರ ಹೆಸರಿನ ಮುಂದೆ ‘ವರ್ಕರ್’ ಅಂತ ಒತ್ತಿದ್ದು ನನ್ನ ಬೆರಳು.

ನನ್ನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಕಾರ್ಮಿಕ ಕಾಯ್ದೆಗಳ ಸಾರಾಂಶದ ಫಲಕಗಳಿದ್ದವು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹಾಕಲೇಬೇಕು ಅಂತ ಕಾನೂನಿತ್ತು, ಅದಕ್ಕೇ ಹಾಕಿದ್ದರು. ಅವತ್ತು ಸಂಜೆ ಮೊದಲ ಸಲ ಎದ್ದು ನಿಂತು ಓದಿದೆ. 1936ರ ವೇತನ ಪಾವತಿ ಕಾಯ್ದೆ, ಒಂಬತ್ತನೇ ಸೆಕ್ಷನ್. ಗೈರುಹಾಜರಿಗೆ ಸಂಬಳ ಹಿಡಿಯಬಹುದು, ಆದರೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟು ಹೊತ್ತಿನ ಪಾಲಿಗಿಂತ ಒಂದು ಪೈಸೆಯೂ ಹೆಚ್ಚು ಹಿಡಿಯುವಂತಿಲ್ಲ.

ಲೆಕ್ಕ ಸುಲಭವಾಗಲಿ ಅಂತ ದಿನದ ಕೂಲಿ ₹264 ಅನ್ನಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ₹33. ಇಪ್ಪತ್ತು ನಿಮಿಷಕ್ಕೆ ₹11. ನಾವು ಹಿಡಿಯುತ್ತಿದ್ದದ್ದು ₹132. ಹನ್ನೊಂದು ರೂಪಾಯಿ ಹಿಡಿಯಬೇಕಾದ ಕಡೆ ನೂರಾ ಮೂವತ್ತೆರಡು. ಹದಿನಾಲ್ಕು ಜನರಿಂದ ಒಂದೇ ಬೆಳಿಗ್ಗೆ ಹೆಚ್ಚಿಗೆ ಹಿಡಿದದ್ದು ₹1,694. ತಡವಾಗಿ ಬಂದವರಿಗೆ ಶಿಸ್ತು ಕಲಿಸಬೇಕು ಅಂತಿದ್ದರೆ ಅದಕ್ಕೆ ದಂಡದ ದಾರಿಯೂ ಎಂಟನೇ ಸೆಕ್ಷನ್ನಿನಲ್ಲಿತ್ತು. ಆದರೆ ಯಾವ ತಪ್ಪಿಗೆ ದಂಡ ಅಂತ ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ನೋಟಿಸ್ ಹಾಕಿರಬೇಕು, ಅವರ ಮಾತು ಕೇಳಬೇಕು, ದಂಡದ ರಿಜಿಸ್ಟರಿನಲ್ಲಿ ಬರೆಯಬೇಕು, ತಿಂಗಳ ಸಂಬಳದ ನೂರಕ್ಕೆ ಮೂರರಷ್ಟನ್ನು ಮೀರಬಾರದು. ₹264ರ ಕೂಲಿಯಲ್ಲಿ 26 ದಿನ ಪೂರ್ತಿ ದುಡಿದರೂ ಆ ಮಿತಿ ₹205 ಚಿಲ್ಲರೆ. ತಿಂಗಳಲ್ಲಿ ಎರಡು ಸಲ ತಡವಾದವರಿಂದಲೇ ನಾವು ₹242 ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದೆವು. ನಮ್ಮ ದಂಡದ ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ತಿಂಗಳೂ ‘ಇಲ್ಲ’ ಅಂತ ಬರೆದಿರುತ್ತಿತ್ತು. ಬರೆಯುತ್ತಿದ್ದವನು ನಾನು.

ಒಂದು ಎಳೆ ಸಿಕ್ಕಮೇಲೆ ಉಳಿದವೂ ಕಾಣತೊಡಗಿದವು. ಗೇಟಿನಲ್ಲಿ ವರ್ಕರುಗಳಿಗೆ ಇದ್ದದ್ದು ಎರಡು ಹೆಬ್ಬೆಟ್ಟಿನ ಮಷಿನ್. ಬೂದಿ, ಸೋಪು, ಸೂಜಿ ಎಲ್ಲ ತಿಂದ ಬೆರಳುಗಳು. ಒಬ್ಬೊಬ್ಬರಿಗೆ ನಾಲ್ಕು ಸಲ ಒತ್ತಿದರೂ ಮಷಿನ್ ತಗೊಳ್ಳುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ಗಡಿಯಾರ ಓಡುತ್ತಿತ್ತು. 8:36ಕ್ಕೆ ಗೇಟಿನೊಳಗೆ ಬಂದವರ ಪಂಚು 8:41ಕ್ಕೆ ಬಿದ್ದದ್ದನ್ನು ನಾನು ಸಿಸಿಟಿವಿಯಲ್ಲಿ ಕೂತು ಹೊಂದಿಸಿ ನೋಡಿದೆ. ಆಫೀಸಿನ ಐವತ್ತು ಚಿಲ್ಲರೆ ಸ್ಟಾಫಿಗೆ ಬೇರೆಯೇ ಒಂದು ಮಷಿನ್ ಇತ್ತು, ಸಾಲೇ ಇಲ್ಲ.

ಜ್ವರದ ವಿಷಯ ಇನ್ನೂ ಕಷ್ಟದ್ದು. ಸ್ಟಾಫಿಗೆ ಸಿಕ್ ಲೀವ್ ಇತ್ತು. ವರ್ಕರುಗಳಿಗೆ ಯಾಕಿಲ್ಲ ಅಂತ ಕೇಳಿದರೆ “ಅವರಿಗೆ ಇಎಸ್‌ಐ ಇದೆಯಲ್ಲ” ಅನ್ನುತ್ತಿದ್ದರು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇತ್ತು ನಿಜ. ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನಮ್ಮ ಹೆಂಗಸರಿಗೆ ಬರುತ್ತಿದ್ದ ಕಾಯಿಲೆ ಬಹುಪಾಲು ಒಂದು ದಿನದ್ದು, ಎರಡು ದಿನದ್ದು. ಮೈ ಬಿಸಿ, ಹೊಟ್ಟೆನೋವು, ಸೊಂಟನೋವು. ಹಾಗಾಗಿ ಜ್ವರ ಇಟ್ಟುಕೊಂಡೇ ಬರುತ್ತಿದ್ದರು. ಗಳಿಕೆ ರಜೆಯೂ ಆಗಿನ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದ ಮೇಲಷ್ಟೇ ಸಿಗುತ್ತಿತ್ತು, ಇಪ್ಪತ್ತು ದಿನಕ್ಕೆ ಒಂದರಂತೆ. ಸೇರಿದ ಮೊದಲ ವರ್ಷ ಮಗುವಿಗೆ ಹುಷಾರಿಲ್ಲದಿದ್ದರೆ ಕೂಲಿ ಬಿಟ್ಟೇ ಮನೆಯಲ್ಲಿ ಉಳಿಯಬೇಕಿತ್ತು. ಇದನ್ನು ಕಾನೂನು ತಡೆಯುತ್ತಿರಲಿಲ್ಲ. ಆದರೆ ಹೆಚ್ಚು ಕೊಡಬೇಡಿ ಅಂತಲೂ ಕಾನೂನು ಎಲ್ಲೂ ಹೇಳಿರಲಿಲ್ಲ. ಸ್ಟಾಫಿಗೆ ಕೊಟ್ಟದ್ದೂ ಕಂಪನಿ ತಾನಾಗಿ ಕೊಟ್ಟದ್ದೇ.

ಸ್ಟಾಫ್ ಅನ್ನಿಸಿಕೊಂಡವರೆಲ್ಲ ಸುಖವಾಗಿದ್ದರು ಅಂತಲೂ ಅಲ್ಲ. ಲೈನ್ ಸೂಪರ್‌ವೈಸರುಗಳನ್ನು ನೋಡಿ. ಅವರಲ್ಲಿ ಎಷ್ಟೋ ಜನ ನಿನ್ನೆಯವರೆಗೆ ಟೈಲರುಗಳು. ಬಡ್ತಿ ಅಂತ ‘ಸ್ಟಾಫ್’ ಮಾಡಿದ ದಿನದಿಂದ ಅವರ ಓಟಿ ನಿಂತಿತು. ಶಿಪ್‌ಮೆಂಟ್ ಇದ್ದಾಗ ಟೈಲರು ಏಳಕ್ಕೆ ಮನೆಗೆ ಹೋಗುತ್ತಿದ್ದರು, ಎರಡು ಪಟ್ಟು ದರದಲ್ಲಿ ಓಟಿ ಬರೆಸಿಕೊಂಡು. ಸೂಪರ್‌ವೈಸರ್ ಒಂಬತ್ತರವರೆಗೂ ಬಂಡಲ್ ಎಣಿಸುತ್ತ ನಿಂತಿರುತ್ತಿದ್ದರು, ಬರಿಗೈಯಲ್ಲಿ. ಲೆಕ್ಕ ಹಾಕಿದರೆ ಬಡ್ತಿ ಸಿಕ್ಕ ಮೇಲೆ ಒಬ್ಬರ ಕೈಗೆ ಬರುವ ಹಣ ಕಮ್ಮಿಯಾದದ್ದೂ ಇತ್ತು. ನಿಮಿಷ ಲೆಕ್ಕ ಹಾಕಿದರೆ ಕಂಪನಿಗೆ ಲಾಭವಿದ್ದ ಕಡೆ ನಿಮಿಷ ಎಣಿಸಿದ್ದೆವು, ಎಣಿಸದಿದ್ದರೆ ಲಾಭವಿದ್ದ ಕಡೆ ನಂಬಿಕೆ ಅಂದಿದ್ದೆವು.

ಒಂದೂವರೆ ಪುಟದ ಟಿಪ್ಪಣಿ ಬರೆದು ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ ಅದೇ ಒಂಬತ್ತನೇ ಸೆಕ್ಷನ್ನಿನ ಮುಂದಿನ ಸಾಲಿನ ಮೇಲೆ ಪೆನ್ನಿಟ್ಟರು. ಹತ್ತು ಅಥವಾ ಹೆಚ್ಚು ಜನ ಒಗ್ಗೂಡಿ ಗೈರಾದರೆ ಎಂಟು ದಿನದ ಕೂಲಿಯವರೆಗೆ ಹಿಡಿಯಬಹುದು ಅಂತ ಅಲ್ಲಿದೆ. “ಹದಿನಾಲ್ಕು ಜನ ಅಲ್ವೇನ್ರೀ? ಅರ್ಧ ದಿನಕ್ಕೆ ಬಿಟ್ಟಿದ್ದೀವಿ” ಅಂದರು. ಅದು ನೋಟಿಸ್ ಕೊಡದೆ, ತಕ್ಕ ಕಾರಣವಿಲ್ಲದೆ, ಮಾತಾಡಿಕೊಂಡು ಕೆಲಸ ಬಿಟ್ಟವರಿಗೆ ಸಾರ್, ಪಂಕ್ಚರ್ ಆದ ವ್ಯಾನಿನಲ್ಲಿದ್ದವರಿಗಲ್ಲ ಅಂದೆ. ಟಿಪ್ಪಣಿ ಅವರ ಟ್ರೇಯಲ್ಲೇ ಉಳಿಯಿತು.

ಸುಮಾರು ಎಂಟು ತಿಂಗಳು ಉಳಿಯಿತು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ಹೊಸ ನಿಯಮದ ವಿರುದ್ಧ. ಹೊಸೂರು ರಸ್ತೆ ನಿಂತುಹೋಯಿತು, ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಆ ಹೆಂಗಸರಿಗೂ ನಮ್ಮ ಅರ್ಧ ದಿನದ ಕಟ್ಟಿಗೂ ನೇರ ಸಂಬಂಧವಿಲ್ಲ. ಆದರೆ ಮರುವಾರವೇ ನನ್ನನ್ನು ಕರೆದು “ಆ ನಿಮ್ಮ ಟಿಪ್ಪಣಿ ಎಲ್ಲಿ?” ಅಂತ ಕೇಳಿದರು. ಮೇ ತಿಂಗಳಿಂದ ತಡವಾದಷ್ಟೇ ನಿಮಿಷಕ್ಕೆ ಕಡಿತ ಅಂತಾಯಿತು. ಗೇಟಿಗೆ ಇನ್ನೆರಡು ಮಷಿನ್ ಬಂತು. ಕಂಪನಿ ವ್ಯಾನು ತಡವಾದರೆ ಡ್ರೈವರಿನ ಟ್ರಿಪ್ ಶೀಟ್ ನೋಡಿ ಪೂರ್ತಿ ಹಾಜರಿ. ಸಿಕ್ ಲೀವ್ ಬರಲಿಲ್ಲ. ಸೂಪರ್‌ವೈಸರುಗಳ ಓಟಿಯೂ ಬರಲಿಲ್ಲ.

ಹಿಂದೆ ಹಿಡಿದದ್ದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಆಗಿನ ಕಾಯ್ದೆಯಲ್ಲಿ ಸಂಬಳ ಹಿಡಿದ ದಿನದಿಂದ ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಈಗ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲಿ ಅದು ಮೂರು ವರ್ಷ. ಗೈರಾದಷ್ಟೇ ಹೊತ್ತಿಗೆ ಕಡಿತ ಅನ್ನುವ ನಿಯಮ ಅದರಲ್ಲೂ ಹಾಗೇ ಇದೆ. ಟೈಮ್ ಆಫೀಸಿನಲ್ಲೋ ಎಚ್‌ಆರ್‌ನಲ್ಲೋ ಕೂತವರು ನಿಮ್ಮ ಸಾಫ್ಟ್‌ವೇರಿನ ‘ಲೇಟ್’ ನಿಯಮವನ್ನು ಇವತ್ತೇ ಒಮ್ಮೆ ತೆರೆದು ನೋಡಿ. ವರ್ಕರಿಗೆ ಏನಿದೆ, ಸ್ಟಾಫಿಗೆ ಏನಿದೆ, ಪಕ್ಕಪಕ್ಕ ಇಟ್ಟು ಓದಿ. ನಾನು ಮೂರು ವರ್ಷ ತಡ ಮಾಡಿದೆ, ಅಷ್ಟರಲ್ಲಿ ಕೆಲಸ ಬಿಟ್ಟುಹೋದವರಿಗೆ ಏನನ್ನೂ ಹಿಂದಿರುಗಿಸಲು ಆಗಲಿಲ್ಲ.

2015ರ ಜುಲೈ ಸಂಬಳ ಕೊಟ್ಟದ್ದು ಆಗಸ್ಟ್ 7ರಂದು. ಮುಂದಿನ ಆಗಸ್ಟ್ ಹತ್ತಿರ ಬರುತ್ತಿತ್ತು. ಕಾಲರಿನ ಅಕ್ಕನಿಗೂ ಅವರ ಯೂನಿಯನ್ ಕಡೆಯವರಿಗೂ ವಿಷಯ ಹೇಳಿದೆ. ಅರ್ಜಿ ಬರೆದದ್ದು ಅವರು, ಲೆಕ್ಕಕ್ಕೆ ಮಾತ್ರ ನಾನು. ಕಾರ್ಮಿಕ ಇಲಾಖೆಯ ನೋಟಿಸ್ ಬಂದ ಮೇಲೆ ವಿಚಾರಣೆಯವರೆಗೂ ಹೋಗದೆ ಕಂಪನಿ ಬಾಕಿ ಅಂತ ಸೇರಿಸಿ ಕೊಟ್ಟಿತು.

ಆ ಲೆಕ್ಕ ಹಾಕಿದ್ದು ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ. ಅಕ್ಕ ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ತಿಂಗಳ ಸಂಬಳದ ಚೀಟಿ ಜೋಡಿಸಿ ಇಟ್ಟಿದ್ದರು. ಅರ್ಧ ದಿನ ಕಟ್ಟಾದ ತಿಂಗಳುಗಳನ್ನು ನಾನು ಒಂದು ಕಡೆ ತೆಗೆದಿಡುತ್ತ ಹೋದೆ. ಹನ್ನೆರಡು ತಿಂಗಳಲ್ಲಿ ಒಂಬತ್ತು ಅರ್ಧ ದಿನ. ಎಲ್ಲವನ್ನೂ ಬರೆದುಕೊಂಡೆ. ಅಕ್ಕ ಆ ಚೀಟಿಗಳನ್ನು ಮತ್ತೆ ಒಂದೊಂದಾಗಿ ತಿರುವಿದರು. ನವೆಂಬರಿನದು ಬಂದಾಗ ಕೈ ನಿಂತಿತು. ಅದನ್ನೂ ಫೆಬ್ರುವರಿಯದನ್ನೂ ಎತ್ತಿ ನನ್ನ ಕಡೆಗೆ ಸರಿಸಿದರು.

“ಇವೆರಡು ಬ್ಯಾಡ ಸಾರ್. ಇವು ನಂದೇ ರಜಾ. ಮಗೀಗೆ ಜ್ವರ ಇತ್ತು, ಮಧ್ಯಾಹ್ನ ಎದ್ದು ಬಂದಿದ್ದೆ. ಏಳು ಅಂತ ಬರ್ಕೊಳ್ಳಿ.”