ಅವ್ವ ಅಪ್ಪಾಜಿ ಜೊತೆ ಕೆರಿಬಿಯನ್ ಕ್ರೂಸ್: ತಿಂದಿದ್ದು, ಕುಡಿದಿದ್ದು, ಇಳಿದು ನೋಡಿದ್ದು

ಧಾರವಾಡದಿಂದ ಅವ್ವ ಅಪ್ಪಾಜಿ ಮೇ ತಿಂಗಳಲ್ಲಿ ಅಟ್ಲಾಂಟಾಗೆ ಬಂದಿದ್ರು, ಮಕ್ಕಳ ಸ್ಕೂಲ್ ಮುಗಿದ ಮೇಲೆ ಜೂನ್‌ನಲ್ಲಿ ಆರೂ ಜನ ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್ ಹೋಗಿ ಬಂದ್ವಿ. ಜಮೈಕಾದ ಓಚೋ ರಿಯೋಸ್, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೋಸುಮೆಲ್, ಕೊನೆಗೆ ಬಹಾಮಾಸ್‌ನಲ್ಲಿ ಕ್ರೂಸ್ ಕಂಪನಿಯದ್ದೇ ಒಂದು ಸಣ್ಣ ದ್ವೀಪ. ಹೋಗೋ ಮುಂಚೆ ನನಗಿದ್ದ ದೊಡ್ಡ ಚಿಂತೆ ಅಂದ್ರೆ ಅವ್ವ ಏಳು ದಿನ ಏನು ತಿಂತಾಳೆ ಅನ್ನೋದು, ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಊರಿಂದ ಅಪ್ಪ ಅಮ್ಮನ್ನ ಕರೆಸಿಕೊಂಡು ಇದೇ ಟ್ರಿಪ್ ಪ್ಲಾನ್ ಮಾಡ್ತಿರೋ ಸುಮಾರು ಜನ ಇದನ್ನೇ ಕೇಳ್ತಾರೆ, ಅದಕ್ಕೇ ಎಲ್ಲಾ ವಿವರವಾಗಿ ಬರೀತಿದೀನಿ.

ಮೊದಲು ವೀಸಾ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ಎಡವಿದ್ರೆ ಉಳಿದದ್ದೆಲ್ಲಾ ವ್ಯರ್ಥ. ಅಪ್ಪ ಅಮ್ಮನ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, ಯಾಕಂದ್ರೆ ಹಡಗು ಹತ್ತಿದ್ರೆ ದೇಶ ಬಿಟ್ಟು ಹೋಗಿ ವಾಪಸ್ ಬಂದ ಹಾಗೆ ಲೆಕ್ಕ. ಅಮೆರಿಕದ ಚಾಲ್ತಿ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಬೇರೆ ದ್ವೀಪಗಳಿಗೆ ಏನು ಬೇಕು ಅಂತ ಬುಕ್ ಮಾಡೋವಾಗಲೇ ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಲ್ಲಿ ಹೇಳಿದ್ದು ಸಾಲದು. ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇದ್ದು ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ಮುಗಿದು ಹೋಗಿರೋರು ಬಹಳ ಹುಷಾರಾಗಿರಿ, ಕೆನಡಾ ಮತ್ತು ಮೆಕ್ಸಿಕೋಗೆ 30 ದಿನದ ಒಳಗೆ ಹೋಗಿ ಬಂದ್ರೆ ಹಳೇ ಸ್ಟ್ಯಾಂಪ್ ಮೇಲೇ ಒಳಗೆ ಬಿಡೋ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನೋ ನಿಯಮ ಇದೆಯಲ್ಲ, ಅದು ಎಚ್-1ಬಿಯವರಿಗೆ ಜಮೈಕಾ ಕೇಮನ್ ಥರದ ದ್ವೀಪಗಳಿಗೆ ಅನ್ವಯ ಆಗಲ್ಲ. ಒಂದ್ಸಲ ಲಾಯರ್ ಹತ್ರ ಕೇಳಿಯೇ ದುಡ್ಡು ಕಟ್ಟಿ.

ಇನ್ನೊಂದು, ಮಯಾಮಿಗೆ ಒಂದು ದಿನ ಮುಂಚೆನೇ ಹೋಗಿ ಉಳ್ಕೊಳ್ಳಿ. ಫ್ಲೈಟ್ ಲೇಟ್ ಆದ್ರೆ ಹಡಗು ಕಾಯಲ್ಲ.

ಈಗ ಊಟ. ಬುಕ್ ಮಾಡೋವಾಗಲೇ ಸ್ಪೆಷಲ್ ಡಯಟ್ ಅಂತ ಇಂಡಿಯನ್ ವೆಜಿಟೇರಿಯನ್ ಹಾಕಿಸಿ, ಜೈನ್ ಊಟ ಬೇಕಾದ್ರೂ ಆಗಲೇ ಹೇಳಬೇಕು. ಹಾಕಿಸಿದ್ವಿ ಅಂತ ಸುಮ್ನಿರಬೇಡಿ, ಹಡಗು ಹತ್ತಿದ ದಿನ ಮಧ್ಯಾಹ್ನವೇ ಮೇನ್ ಡೈನಿಂಗ್ ರೂಮಿಗೆ ಹೋಗಿ ಹೆಡ್ ವೇಟರ್‌ನ ಕಂಡು ಮಾತಾಡಿ. ನಾವು ಹಾಗೆ ಮಾಡಿದ್ದಕ್ಕೆ ಪ್ರತಿ ರಾತ್ರಿ ಊಟ ಆದಮೇಲೆ ನಾಳೆ ಏನು ಬೇಕು ಅಂತ ಕೇಳಿ ಬರ್ಕೊಂಡು ಹೋಗ್ತಿದ್ರು, ದಾಲ್, ಅನ್ನ, ಒಂದು ಪಲ್ಯ, ರೋಟಿ, ಮೊಸರು ಬಿಸಿಬಿಸಿಯಾಗಿ ಅವ್ವನ ಮುಂದೆ ಬರ್ತಿತ್ತು. ಕ್ರೂಸ್ ಹಡಗುಗಳಲ್ಲಿ ನಮ್ಮ ದೇಶದ ಹುಡುಗ್ರು ಬಹಳ ಕೆಲಸ ಮಾಡ್ತಾರೆ, ಗೋವಾ, ಕೇರಳ, ಮುಂಬೈ ಕಡೆಯೋರು, ನಮ್ಮ ಟೇಬಲ್‌ಗೆ ಬರ್ತಿದ್ದ ಹುಡುಗ ಮಂಗಳೂರಿನವನು. ಮೊದಲ ದಿನ ನಾವು ಮಾತಾಡೋದು ಕೇಳಿ "ನೀವು ಕನ್ನಡದವರಾ ಅಮ್ಮಾ" ಅಂದ, ಅಲ್ಲಿಂದ ಅವ್ವನ ಊಟದ ಜವಾಬ್ದಾರಿ ಪೂರ್ತಿ ಅವನದ್ದೇ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯೋ ಹುಡುಗ್ರು, ನಮ್ಮ ಬಿಲ್‌ಗೆ ತಾನಾಗೇ ಸೇರೋ ಗ್ರ್ಯಾಚುಯಿಟಿ, ಅಂದ್ರೆ ಟಿಪ್ಸ್, ಇರುತ್ತೆ ನಿಜ, ಆದ್ರೂ ಕೊನೇ ದಿನ ಕೈಯಲ್ಲಿ ಒಂದಿಷ್ಟು ಕೊಡಿ.

ಬಫೆಯಲ್ಲಿ ಹುಷಾರು. ವೆಜ್ ಸೂಪ್ ಅಂತ ಬೋರ್ಡ್ ಇದ್ರೂ ಚಿಕನ್ ಸ್ಟಾಕ್, ಅಂದ್ರೆ ಕೋಳಿ ಬೇಯಿಸಿದ ನೀರು, ಹಾಕಿರ್ತಾರೆ, ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನು ಇರುತ್ತೆ, ಮೂಸ್, ಜೆಲ್ಲಿ ಥರದ ಸಿಹಿಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡೋ ಜೆಲಟಿನ್. ನಮ್ಮಲ್ಲಿ "ವೆಜ್" ಅಂದ್ರೆ ಒಂದು ಅರ್ಥ, ಅವರಿಗೆ ಕಣ್ಣಿಗೆ ಮಾಂಸ ಕಾಣದಿದ್ರೆ ವೆಜ್, ಹಾಗಾಗಿ "ಸ್ಟಾಕ್ ಯಾವುದು" ಅಂತ ಕೇಳೋ ಅಭ್ಯಾಸ ಮಾಡ್ಕೊಳ್ಳಿ. ಬಫೆಯಲ್ಲಿ ಒಂದು ಕಡೆ ಇಂಡಿಯನ್ ಕೌಂಟರ್ ಇತ್ತು, ಮಧ್ಯಾಹ್ನ ಒಂದು ಗಂಟೆಗೆ ಹೋದ್ರೆ ಜಾತ್ರೆ, ಎರಡರ ಮೇಲೆ ಹೋದ್ರೆ ಆರಾಮ.

ಮನೆಯಿಂದ ಏನು ತಗೊಂಡು ಹೋಗಬಹುದು? ಅಂಗಡಿಯಲ್ಲಿ ಸೀಲ್ ಆಗಿರೋ ಪ್ಯಾಕೆಟ್ ಬಿಟ್ರು, ಮನೇಲಿ ಮಾಡಿದ್ದು ಬಿಡಲಿಲ್ಲ, ಅವ್ವ ಕಷ್ಟಪಟ್ಟು ಮಾಡಿದ್ದ ಚಕ್ಕುಲಿ ಡಬ್ಬಿ ಟರ್ಮಿನಲ್‌ನಲ್ಲೇ ಹೋಯ್ತು, ಆಕೆ ಮುಖ ನೋಡಿ ನನಗೆ ನಿಜವಾಗ್ಲೂ ಸಂಕಟ ಆಯ್ತು, ಮೊದಲೇ ನಿಯಮ ಓದಿದ್ರೆ ತಪ್ಪಿಸಬಹುದಿತ್ತು. ಚಟ್ನಿಪುಡಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಎಲ್ಲಾ ಪ್ಯಾಕ್ ಆಗಿರೋದೇ ತಗೊಳ್ಳಿ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬೆಂಕಿ ಅಪಾಯ ಅಂತ ತೆಗೆದಿಟ್ಕೋತಾರೆ, ಇಳಿಯೋ ದಿನ ವಾಪಸ್ ಕೊಡ್ತಾರೆ. ಚಹಾ ಅಂದ್ರೆ ಅಲ್ಲಿ ಬಿಸಿನೀರು, ಟೀ ಬ್ಯಾಗ್, ಅಷ್ಟೇ. ಹಾಲು ಸಕ್ಕರೆ ಸೇರಿರೋ ಇನ್‌ಸ್ಟಂಟ್ ಚಹಾ ಪ್ಯಾಕೆಟ್ ಒಂದು ಮೂವತ್ತು ಇಟ್ಕೊಂಡು ಹೋಗಿ, ಬಫೆಯಲ್ಲಿ ಬಿಸಿನೀರು 24 ಗಂಟೆ ಸಿಗುತ್ತೆ, ಅಪ್ಪಾಜಿ ಬೆಳಗಿನ ಐದೂವರೆಗೆ ಎದ್ದು ಕಪ್ ಹಿಡ್ಕೊಂಡು ಡೆಕ್ ಮೇಲೆ ಸೂರ್ಯೋದಯ ನೋಡ್ತಾ ನಿಲ್ತಿದ್ರು, ಇಡೀ ಟ್ರಿಪ್‌ನಲ್ಲಿ ಅವರಿಗೆ ಅದೇ ಎಲ್ಲಕ್ಕಿಂತ ಇಷ್ಟ ಆಗಿದ್ದು.

ಡ್ರಿಂಕ್ಸ್ ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಹಿರಿಯರ ಜೊತೆ ಹೋಗೋರಿಗೆ ಬೇಡ. ನಾವು ನೋಡಿದಾಗ ಆಲ್ಕೋಹಾಲ್ ಪ್ಯಾಕೇಜ್ ದಿನಕ್ಕೆ ತಲೆಗೆ 70 ಡಾಲರ್ ಮೇಲಿತ್ತು, ಅದರ ಮೇಲೆ ಸರ್ವಿಸ್ ಚಾರ್ಜ್ ಬೇರೆ, ಸಾಮಾನ್ಯವಾಗಿ ಒಂದೇ ರೂಮಲ್ಲಿರೋ ದೊಡ್ಡೋರಲ್ಲಿ ಒಬ್ಬರು ತಗೊಂಡ್ರೆ ಇನ್ನೊಬ್ಬರೂ ತಗೋಬೇಕು ಅನ್ನೋ ರೂಲ್. ಬೆಳಗಿಂದ ಸಂಜೆ ತನಕ ದಡದಲ್ಲಿ ಇರ್ತೀರಿ, ಲೆಕ್ಕ ಹಾಕಿ ನೋಡಿ, ಅಷ್ಟು ಕುಡಿದು ಮುಗಿಸೋದು ಯಾರಿಂದ ಆಗುತ್ತೆ. ನೀರು, ಲೆಮನೇಡ್, ಐಸ್ ಟೀ, ಮಾಮೂಲಿ ಕಾಫಿ ಫ್ರೀ. ಬೇಕಾದಾಗ ಒಂದು ಮಾಕ್‌ಟೇಲ್ ಬಿಡಿಯಾಗಿ ತಗೊಳ್ಳಿ, ರಮ್ ಇಲ್ಲದ ಪೀನ್ಯಾ ಕೊಲಾಡಾ ಅಂದ್ರೆ ಅನಾನಸ್ ಮತ್ತೆ ತೆಂಗಿನಕಾಯಿ ಹಾಲು, ಮಕ್ಕಳಿಗಿಂತ ಜಾಸ್ತಿ ಅವ್ವನಿಗೇ ರುಚಿ ಹತ್ತಿಬಿಡ್ತು. ಅಲ್ಲಿ ಉಳಿಸಿದ ದುಡ್ಡನ್ನ ದಡದಲ್ಲಿ ಖರ್ಚು ಮಾಡಿ, ನಿಜವಾದ ಊಟ ಇರೋದು ಅಲ್ಲಿ.

ಓಚೋ ರಿಯೋಸ್‌ಗೆ ಇಳಿದಾಗ ಬೆಳಗ್ಗೆ ಎಂಟು ಗಂಟೆ. ಎಲ್ಲರೂ ನೋಡೋದು ಡನ್ಸ್ ರಿವರ್ ಫಾಲ್ಸ್, ಬಂದರಿನಿಂದ ಗಾಡಿಯಲ್ಲಿ ಹತ್ತು ನಿಮಿಷ ಕೂಡ ಇಲ್ಲ, ಹಡಗಿನ ಟೂರ್ ಬೇಕಿಲ್ಲ. ಕೆಂಪು ನಂಬರ್ ಪ್ಲೇಟ್ ಇರೋ ಲೈಸೆನ್ಸ್ ಟ್ಯಾಕ್ಸಿ ಮಾತ್ರ ಹಿಡೀರಿ, ರೇಟ್ ಹತ್ತೋ ಮುಂಚೆನೇ ಮಾತಾಡಿ, ಒಬ್ಬರಿಗೋ ಇಡೀ ಗಾಡಿಗೋ ಅಂತ ಸ್ಪಷ್ಟ ಮಾಡ್ಕೊಳ್ಳಿ. ಸುಮಾರು 180 ಮೀಟರ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೇರ ಸಮುದ್ರಕ್ಕೆ ಸೇರೋ ನೀರು, ಜನ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಸಾಲಾಗಿ ಕೆಳಗಿಂದ ಮೇಲೆ ಹತ್ತುತ್ತಾರೆ. ಗ್ರಿಪ್ ಇರೋ ವಾಟರ್ ಶೂಸ್ ಬೇಕೇ ಬೇಕು, ಮನೆಯಿಂದಲೇ ತಗೊಂಡು ಹೋಗಿ. ಹತ್ತಕ್ಕೆ ಆಗದೋರಿಗೆ ಪಕ್ಕದಲ್ಲೇ ಕಟ್ಟಿದ ಮೆಟ್ಟಿಲಿದೆ, ಅಪ್ಪಾಜಿ ಮಂಡಿನೋವು ಇದ್ರೂ ಅದರಲ್ಲಿ ನಿಧಾನಕ್ಕೆ ಹತ್ತಿ ಮೇಲೆ ನಮಗೆ ಕಾಯ್ತಾ ನಿಂತಿದ್ರು. ಮಿಲಿಟರಿ ಡಿಸೈನ್ ಬಟ್ಟೆ ಜಮೈಕಾದಲ್ಲಿ ಸಾಮಾನ್ಯ ಜನ ಹಾಕೋ ಹಾಗಿಲ್ಲ, ಕಾನೂನೇ ಇದೆ, ಮಗನ ಶಾರ್ಟ್ಸ್ ಅದೇ ಡಿಸೈನ್ ಇತ್ತು, ಹಡಗಲ್ಲೇ ಬಿಡಿಸಿ ಇಳಿಸಿದ್ವಿ.

ಫಾಲ್ಸ್ ಆದಮೇಲೆ ಡ್ರೈವರ್‌ಗೆ ಮಾಂಸ ಮೀನು ಏನೂ ಇಲ್ಲದ ಊಟ ಬೇಕು ಅಂದೆ, ಅವನು ತಕ್ಷಣ "ಐಟಲ್" ಅಂದ. ರಸ್ತಫಾರಿ ಪಂಥದವರ ಊಟಕ್ಕೆ ಆ ಹೆಸರು, ಸೊಪ್ಪು, ಕಾಳು, ಗೆಡ್ಡೆ, ತೆಂಗಿನ ಹಾಲು, ಉಪ್ಪು ತೀರಾ ಕಡಿಮೆ ಇಲ್ಲಾ ಇಲ್ಲವೇ ಇಲ್ಲ. ಸಸ್ಯಾಹಾರಿಗಳು ಜಮೈಕಾದಲ್ಲಿ ನೆನಪಿಟ್ಕೋಬೇಕಾದ ಒಂದೇ ಶಬ್ದ ಅಂದ್ರೆ ಇದು. ರಸ್ತೆ ಪಕ್ಕದ ಸಣ್ಣ ತಗಡಿನ ಅಂಗಡಿ, ಒಬ್ಬ ಹೆಂಗಸು ಮುಂದೆ ನಿಂತು ಬಡಿಸ್ತಿದ್ರು. ಕ್ಯಾಲಲೂ ಅಂತ ಒಂದು ಸೊಪ್ಪು ಹಾಕಿದ್ರು, ಅವ್ವ ಒಂದು ತುತ್ತು ಬಾಯಿಗೆ ಇಟ್ಟು, "ಇದು ನಮ್ಮ ರಾಜಗಿರಿ ಪಲ್ಲೆ ಅಲ್ಲೇನೋ? ಒಂದೀಟು ಬಳ್ಳೊಳ್ಳಿ ಒಗ್ಗರಣಿ ಕೊಟ್ಟಿದ್ರ ಮನಿದ ಆಗ್ತಿತ್ತು" ಅಂದ್ಲು. ನಿಜಾನೇ, ಜಮೈಕಾದ ಕ್ಯಾಲಲೂ ನಮ್ಮ ರಾಜಗಿರಿ, ದಂಟಿನ ಸೊಪ್ಪಿನ ಜಾತಿಯದ್ದೇ. ಬೇರೆ ಹೋಟೆಲ್‌ಗಳಲ್ಲಿ ಇದಕ್ಕೆ ಉಪ್ಪುಮೀನು ಸೇರಿಸ್ತಾರೆ, ಕೇಳಿ ತಗೊಳ್ಳಿ. ಜೊತೆಗೆ ಸುಟ್ಟ ಬ್ರೆಡ್‌ಫ್ರೂಟ್, ರಾತ್ರಿ ಮಂಗಳೂರು ಹುಡುಗನಿಗೆ ಫೋಟೋ ತೋರಿಸಿದ್ರೆ "ಅಯ್ಯೋ ಇದು ಜೀಗುಜ್ಜೆ" ಅಂತ ಕುಣಿದಾಡಿದ. ಇಂಗ್ಲಿಷರು ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ ಪೆಸಿಫಿಕ್ ಕಡೆಯಿಂದ 1793ರಲ್ಲಿ ಈ ಗಿಡ ಜಮೈಕಾಗೆ ತಂದಿದ್ದು. ಗುಲಾಮಗಿರಿ ನಿಂತ ಮೇಲೆ ಅದೇ ತೋಟಗಳಿಗೆ ನಮ್ಮ ದೇಶದಿಂದ ಕೂಲಿಗಳನ್ನ ಕರ್ಕೊಂಡು ಬಂದ್ರು, ಮೊದಲ ಹಡಗು 1845ರಲ್ಲಿ, ಆಮೇಲೆ ಎಪ್ಪತ್ತು ವರ್ಷದಲ್ಲಿ 36 ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಉತ್ತರ ಪ್ರದೇಶ ಬಿಹಾರದ ಕಡೆಯವರು. ಇವತ್ತು ಜಮೈಕಾದವರ ಊಟದಲ್ಲಿ ಕರಿ, ರೋಟಿ ಇರೋದು ಅವರಿಂದಲೇ. ಅಪ್ಪಾಜಿ ಇದನ್ನ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ, ನಾವು ಏಸಿ ರೂಮಲ್ಲಿ ಬಂದ ಸಮುದ್ರದಲ್ಲಿ ಅವರು ಹೇಗೆ ಬಂದಿರಬೇಕು ಅಂತ ರಾತ್ರಿ ಕೇಳಿದ್ರು.

ಮಾಂಸ ತಿನ್ನೋರು ಜರ್ಕ್ ಚಿಕನ್, ಅಂದ್ರೆ ಮಸಾಲೆ ಹಚ್ಚಿ ಕೆಂಡದ ಮೇಲೆ ಸುಟ್ಟ ಕೋಳಿ, ಬಿಡಬೇಡಿ, ನನ್ನ ಹೆಂಡತಿ ಮಕ್ಕಳು ತಿಂದ್ರು. ಅದರ ಘಮ ಬರೋದು ಪಿಮೆಂಟೋದಿಂದ, ಅಂದ್ರೆ ಆಲ್‌ಸ್ಪೈಸ್, ನಮ್ಮ ಶಿರಸಿ ಕಡೆ ಸರ್ವಸಾಂಬಾರ ಅಂತಾರಲ್ಲ ಅದೇ. ಖಾರ ಸ್ಕಾಚ್ ಬಾನೆಟ್ ಮೆಣಸಿನಕಾಯಿದು, ಬ್ಯಾಡಗಿ ಇದರ ಮುಂದೆ ಏನೂ ಅಲ್ಲ, ಮಕ್ಕಳಿಗೆ ಸಾಸ್ ಪಕ್ಕಕ್ಕೆ ಕೊಡಿ ಅನ್ನಿ. ಹಳದಿ ಹೊದಿಕೆಯ ಪ್ಯಾಟಿ ಎಲ್ಲಾ ಕಡೆ ಸಿಗುತ್ತೆ, ಒಳಗೆ ತರಕಾರಿ ಇದ್ರೂ ಹೊರಗಿನ ಹಿಟ್ಟಿಗೆ ದನದ ಕೊಬ್ಬು ಹಾಕಿರಬಹುದು, ಕೇಳದೆ ತಿನ್ನಬೇಡಿ.

ಕುಡಿಯೋಕೆ ಅಲ್ಲಿ ಕೊಟ್ಟಿದ್ದು ಸಾರಲ್, ಗಾಢ ಕೆಂಪು ಬಣ್ಣ, ಶುಂಠಿ ಹಾಕಿದ್ದು, ಹುಳಿ-ಸಿಹಿ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಮನೆಮನೇಲೂ ಮಾಡ್ತಾರಂತೆ, ರಮ್ ಸೇರಿಸೋದೂ ಉಂಟು, "ನೋ ರಮ್" ಅಂತ ಹೇಳಿ. ಅವ್ವ ಎರಡು ಗ್ಲಾಸ್ ಕುಡಿದು "ಪುಂಡಿಪಲ್ಲೆ ಹುಳಿ ಇದ್ದಂಗ ಐತಿ ನೋಡು" ಅಂದ್ಲು. ರೂಮಿಗೆ ಬಂದು ಹುಡುಕಿದ್ರೆ ಸಾರಲ್ ಗಿಡ, ನಮ್ಮ ಪುಂಡಿ ಎರಡೂ ಒಂದೇ ಬಳಗ, ಅವರು ಹೂವಿನ ಬುಡದ ದಪ್ಪ ಕೆಂಪು ಹೊದಿಕೆ ಕುದಿಸ್ತಾರೆ, ನಾವು ಎಲೆ ಬೇಯಿಸಿ ರೊಟ್ಟಿ ಜೊತೆ ತಿಂತೀವಿ.

ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ಟೆಂಡರ್ ಬೋಟ್‌ನಲ್ಲಿ ಕರ್ಕೊಂಡು ಹೋಗ್ತಾರೆ. ಅಲೆಗೆ ಅಲ್ಲಾಡೋ ಬೋಟ್‌ಗೆ ಹತ್ತಿ ಇಳಿಯೋದು ಮಂಡಿನೋವಿನವರಿಗೆ ಕಷ್ಟ, ಅಪ್ಪಾಜಿ ಅವತ್ತು ಹಡಗಲ್ಲೇ ಉಳಿದ್ರು. ಇಲ್ಲಿ ಮಾತ್ರ ಹಡಗಿನ ಟೂರ್ ತಗೊಳ್ಳಿ, ಟೂರ್‌ನವರನ್ನ ಮೊದಲು ಇಳಿಸ್ತಾರೆ, ತಡ ಆದ್ರೆ ಕಾಯ್ತಾರೆ. ನಾವು ನೋಡಿದ್ದು ಸ್ಟಿಂಗ್‌ರೇ ಸಿಟಿ, ಸಮುದ್ರದ ಮಧ್ಯೆ ಸೊಂಟದಷ್ಟು ನೀರಿನ ಮರಳು ದಿಬ್ಬ, ಹಿಂದೆ ಮೀನುಗಾರರು ಇಲ್ಲಿ ಮೀನು ಹೆಚ್ಚಿ ಉಳಿದದ್ದು ಎಸೀತಿದ್ದಕ್ಕೆ ತೊರಕೆ ಮೀನುಗಳು ಬರೋದು ಅಭ್ಯಾಸ ಮಾಡ್ಕೊಂಡ್ವು. ಕಾಲು ಎತ್ತಿ ಇಡಬೇಡಿ, ಮರಳಲ್ಲಿ ಎಳೀತಾ ನಡೀರಿ, ತುಳಿದ್ರೆ ಬಾಲದ ಮುಳ್ಳು ಚುಚ್ಚುತ್ತೆ. ಊಟದ ಮೆನು ಕಾರ್ಡ್‌ನಲ್ಲಿ ಯಾವ ಡಾಲರ್ ಅಂತ ನೋಡಿ, ಒಂದು ಕೇಮನ್ ಡಾಲರ್ ಅಂದ್ರೆ 1.20 ಅಮೆರಿಕನ್ ಡಾಲರ್. ರಮ್ ಕೇಕ್ ಚೆನ್ನಾಗಿರುತ್ತೆ, ಮೊಟ್ಟೆ ರಮ್ ಎರಡೂ ಇದೆ.

ಕೋಸುಮೆಲ್‌ನಲ್ಲಿ ತುಂಬಾ ಜನ ಆಚೆ ದಡದ ತುಲುಮ್ ಅನ್ನೋ ಮಾಯಾ ಜನರ ಹಾಳು ಊರು ನೋಡೋ ಆಸೆಗೆ ಫೆರಿಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ಬಸ್‌ನಲ್ಲಿ ಸುಮಾರು ಒಂದು ಗಂಟೆ ಹೋಗ್ತಾರೆ, ಬರೋವಾಗ ಮತ್ತೆ ಅಷ್ಟೇ. ಹಿರಿಯರು ಇದ್ರೆ ಬೇಡ. ದ್ವೀಪದ ಮಧ್ಯದಲ್ಲೇ ಸಾನ್ ಹೆರ್ವಾಸಿಯೋ ಅಂತ ಅಲ್ಲಿನ ಮೂಲನಿವಾಸಿ ಮಾಯಾ ಜನರ ಹಳೇ ಕ್ಷೇತ್ರ ಇದೆ, ಈಶ್ಚೆಲ್ ಅನ್ನೋ ದೇವಿಯದ್ದು, ಮಕ್ಕಳಾಗಲಿ ಹೆರಿಗೆ ಸುಸೂತ್ರ ಆಗಲಿ ಅಂತ ಹೆಂಗಸರು ದೋಣಿಯಲ್ಲಿ ಇಲ್ಲಿಗೆ ಹರಕೆ ಹೊತ್ತು ಬರ್ತಿದ್ರಂತೆ. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದ್ಲು. ಟ್ಯಾಕ್ಸಿ ರೇಟ್ ಪಟ್ಟಿ ಬಂದರಿನಲ್ಲೇ ಹಾಕಿರ್ತಾರೆ, ಫೋಟೋ ತೆಗೆದಿಟ್ಕೊಳ್ಳಿ. ಊಟಕ್ಕೆ ಬಂದರಿನ ಎದುರಿನ ಜಗಮಗ ಹೋಟೆಲ್ ಬಿಟ್ಟು ಎರಡು ಮೂರು ಬೀದಿ ಒಳಗೆ ಹೋಗಿ, ರುಚಿನೂ ಜಾಸ್ತಿ, ಬೆಲೆನೂ ಕಮ್ಮಿ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕೋ ಪದ್ಧತಿ ಇದೆ, "ಸಿನ್ ಕಾರ್ನೆ, ಸಿನ್ ಮಾಂತೇಕಾ" ಅಂತ ಹೇಳಿ, ಅಂದ್ರೆ ಮಾಂಸ ಬೇಡ, ಹಂದಿ ಕೊಬ್ಬು ಬೇಡ. ಬಿಸಿ ಗೋವಿನಜೋಳದ ತೋರ್ತಿಯಾ, ಬೀನ್ಸ್, ಬೆಣ್ಣೆಹಣ್ಣು, ಅವ್ವ ರೊಟ್ಟಿ ಮುರಿದ ಹಾಗೆ ಮುರಿದು ನಾಲ್ಕು ತಿಂದ್ಲು. ಕುಡಿಯೋಕೆ ಕೆಂಪು ಪಾನಕ ತಂದಿಟ್ರು, ಮತ್ತೆ ಅದೇ ಪುಂಡಿ ಹುಳಿ! ಮೆಕ್ಸಿಕೋದಲ್ಲಿ ಇದರ ಹೆಸರು "ಆಗ್ವಾ ದೆ ಹಮಾಯ್ಕಾ", ಜಮೈಕಾ ಅಂತ ಬರೆದು ಹಮಾಯ್ಕಾ ಅಂತ ಓದ್ತಾರೆ.

ಬೇಸಿಗೆಯಲ್ಲಿ ಹೋಗೋರು ಗಡಿಯಾರ ನೋಡ್ಕೊಳ್ಳಿ, ಇದು ಬಹಳ ಮುಖ್ಯ. ಮಯಾಮಿಯಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಜಮೈಕಾ, ಕೇಮನ್, ಕೋಸುಮೆಲ್ ಮೂರೂ ಕಡೆ ಇಡಲ್ಲ. ನಮ್ಮ ಹಡಗು ಮಯಾಮಿ ಟೈಮ್‌ನಲ್ಲೇ ಇತ್ತು, ಫೋನ್ ಮಾತ್ರ ದಡದ ಟೈಮ್ ತೋರಿಸ್ತಿತ್ತು, ಫೋನಲ್ಲಿ ಮೂರು ಅಂದ್ರೆ ಹಡಗಲ್ಲಿ ನಾಲ್ಕು. ಅಪ್ಪಾಜಿಯ ಕೈಗಡಿಯಾರ ನಂಬಿ ಓಡಾಡಿದ್ವಿ. ಸ್ವಂತ ತಿರುಗಾಟಕ್ಕೆ ಹೋಗಿ ಹಡಗು ತಪ್ಪಿದ್ರೆ ಮುಂದಿನ ಬಂದರಿಗೆ ನಿಮ್ಮ ಖರ್ಚಲ್ಲೇ ಹೋಗಬೇಕು, ಹಾಗಾಗಿ ಪಾಸ್‌ಪೋರ್ಟ್ ಪುಟದ ಫೋಟೋ ಫೋನಲ್ಲಿ ಇರಲಿ, ಒಂದೂವರೆ ಗಂಟೆ ಮುಂಚೆನೇ ವಾಪಸ್ ಬನ್ನಿ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಸೀಸನ್, ಬಂದರು ಬದಲಾಗಬಹುದು, ಇನ್ಶೂರೆನ್ಸ್ ಮಾಡಿಸಿ, ಹಿರಿಯರ ಮೆಡಿಕಲ್ ಕವರ್ ಇರೋದು ನೋಡಿ ಮಾಡಿಸಿ.

ಹಡಗಿನಿಂದ ಹಣ್ಣು, ಊಟ ದಡಕ್ಕೆ ತಗೊಂಡು ಇಳಿಯೋ ಹಾಗಿಲ್ಲ, ಮಕ್ಕಳ ಬ್ಯಾಗಲ್ಲಿ ಬಾಳೆಹಣ್ಣು ಇದೆಯಾ ನೋಡಿ. ದಡದಲ್ಲಿ ಕೊಂಡ ಮದ್ಯದ ಬಾಟಲಿ ಹಡಗಿನವರು ಇಟ್ಕೊಂಡು ಕೊನೇ ದಿನ ಕೊಡ್ತಾರೆ. ಅವ್ವ ಕೋಸುಮೆಲ್ ಸಂತೆಯಿಂದ ಆ ಪಾನಕದ ಒಣ ಕೆಂಪು ಹೂವು ಒಂದು ಕಿಲೋ ತರೋಣ ಅಂತ ಹಟ ಹಿಡಿದಿದ್ಲು, ಕಸ್ಟಮ್ಸ್‌ನಲ್ಲಿ ಯಾಕೆ ತಾಪತ್ರಯ ಅಂತ ನಾನು ಬೇಡ ಅಂದೆ. ವಾಪಸ್ ಬಂದ ವಾರ ಅಟ್ಲಾಂಟಾದ ಮೆಕ್ಸಿಕನ್ ಅಂಗಡೀಲಿ "ಫ್ಲೋರ್ ದೆ ಹಮಾಯ್ಕಾ" ಅಂತ ಅದೇ ಪ್ಯಾಕೆಟ್ ಸಿಕ್ತು. ಈಗ ದಿನಾ ಮಧ್ಯಾಹ್ನ ಶುಂಠಿ ಬೆಲ್ಲ ಹಾಕಿ ಕುದಿಸಿ ಫ್ರಿಜ್‌ನಲ್ಲಿ ಇಡ್ತಾಳೆ, ಎರಡು ಪ್ಯಾಕೆಟ್ ಧಾರವಾಡಕ್ಕೆ ಹೋಗೋ ಸೂಟ್‌ಕೇಸಲ್ಲಿ ಆಗಲೇ ಸೇರಿದೆ.