ತ್ಯಾಗ ಚಕ್ರದಲ್ಲಿ ಗೆಳೆಯನ ಹೆಸರು ಹುಡುಕುವ ದಿನ

ಹಾಜರಿ ಕರೆಯುವಾಗ ಮೇಷ್ಟ್ರು ಹೇಳುತ್ತಿದ್ದ ಹೆಸರು ಒಂದು, ಮೈದಾನದಲ್ಲಿ ನಾವು ಕೂಗುತ್ತಿದ್ದದ್ದು ಇನ್ನೊಂದು. ಸೇನೆಯಲ್ಲಿ ಪ್ರಾಣ ಕೊಟ್ಟ ಬಾಲ್ಯದ ಗೆಳೆಯನನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹುಡುಕುವವರು ಮೊದಲು ಎಡವುವುದು ಇಲ್ಲೇ. ಕಲ್ಲಿನ ಮೇಲಿರುವುದು ಹಾಜರಿ ಪುಸ್ತಕದ ಹೆಸರು.

ಭರ್ತಿಯಾಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೇ ಸೇನೆಯ ದಾಖಲೆಗೆ ಹೋಗುತ್ತದೆ. ನಮ್ಮ ಕಡೆಯ ಇನಿಷಿಯಲ್ಲು ಅಪ್ಪನದೋ ಊರಿನದೋ ಆಗಿರುತ್ತದೆ. ಅದು ಅಲ್ಲಿ ಪೂರ್ತಿ ಬಿಡಿಸಿಕೊಂಡು ಹೆಸರಿನ ಹಿಂದಕ್ಕೋ ಮುಂದಕ್ಕೋ ಸೇರಿರಬಹುದು. ಬಸಪ್ಪನಿಗೆ ಇಂಗ್ಲಿಷಿನಲ್ಲಿ ಒಂದು ‘ಎಸ್’ ಹಾಕಿದ್ದಾರೋ ಎರಡೋ, ಅದೂ ಗೊತ್ತಿರಬೇಕು. ಹಾಗಾಗಿ ಹೊರಡುವ ಮುಂಚೆ ಅವನ ಮನೆಯವರನ್ನು ಕೇಳಿ ಸೇನಾ ಸಂಖ್ಯೆ, ದರ್ಜೆ, ಘಟಕ, ತೀರಿಕೊಂಡ ದಿನಾಂಕ ಬರೆದುಕೊಳ್ಳಿ. ಒಂದೇ ಹೆಸರಿನವರು ಹಲವರಿದ್ದಾಗ ಕೈಹಿಡಿಯುವುದು ಇವೇ. ಘಟಕದಲ್ಲೂ ಒಂದು ತೊಡಕಿದೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳ ಸೇರಿದವನು ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ಗೆ ನಿಯೋಜನೆಯ ಮೇಲೆ ಹೋಗಿರಬಹುದು. ಎರಡೂ ಹೆಸರು ಬರೆದುಕೊಂಡಿದ್ದರೆ ಒಳ್ಳೆಯದು. ಸ್ಮಾರಕದ ವೆಬ್‌ಸೈಟಿನಲ್ಲಿ ಮನೆಯಿಂದಲೇ ಒಮ್ಮೆ ಹುಡುಕಿ ನೋಡಿ. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ.

ಇಂಡಿಯಾ ಗೇಟ್ ಪಕ್ಕದ ಸುಮಾರು 40 ಎಕರೆಯ ಈ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಒಂದರೊಳಗೊಂದು ನಾಲ್ಕು ವೃತ್ತಗಳು: ಅಮರ, ವೀರತಾ, ತ್ಯಾಗ, ರಕ್ಷಕ. ಹೆಸರುಗಳಿರುವುದು ತ್ಯಾಗ ಚಕ್ರದ ಗೋಡೆಗಳಲ್ಲಿ, ಒಬ್ಬ ಯೋಧನಿಗೆ ಒಂದು ಗ್ರಾನೈಟ್ ಫಲಕ, ಬಂಗಾರದ ಬಣ್ಣದ ಅಕ್ಷರ. ಆರಂಭದಲ್ಲೇ 25,942 ಹೆಸರುಗಳಿದ್ದವು. ವಿವರವಿಲ್ಲದೆ ಗೋಡೆಯಿಂದ ಗೋಡೆಗೆ ಓದುತ್ತಾ ಹೋದರೆ ದಿನ ಸಾಲದು. ಅವನ ತಾಯಿ ಜೊತೆಗಿದ್ದರಂತೂ ಬೇಸಿಗೆಯ ಮಧ್ಯಾಹ್ನ ಬೇಡವೇ ಬೇಡ. ನಡೆಯುವುದು ಬಹಳ, ಬಿಸಿಲೂ ಬಹಳ.

ಎಷ್ಟು ಹುಡುಕಿದರೂ ಹೆಸರು ಸಿಗದಿರಬಹುದು. ಈ ಮಾತನ್ನು ತಾಯಿಯ ಕಿವಿಗೆ ಮೊದಲೇ, ಮೆತ್ತಗೆ ಹಾಕಿಟ್ಟಿರಬೇಕು. ಸೇವೆಯಲ್ಲಿದ್ದಾಗ ಆದ ಸಾವುಗಳೆಲ್ಲ ಸೇನೆಯ ಲೆಕ್ಕದಲ್ಲಿ ಯುದ್ಧಸಾವುಗಳಲ್ಲ. ರಜೆಗೆ ಬರುವಾಗಿನ ರಸ್ತೆ ಅಪಘಾತ, ಕಾಯಿಲೆ ಇವೆಲ್ಲ ಬೇರೆ ಪಟ್ಟಿಗೆ ಸೇರುತ್ತವೆ. ಕಾರ್ಯಾಚರಣೆಯ ಪ್ರದೇಶದಲ್ಲಿ ಹಿಮಪಾತಕ್ಕೆ ಸಿಕ್ಕವರದು ಹಾಗಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಸಿಲುಕಿದ, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿಯನ್ನು ನೆನೆಯಿರಿ. ಅವರಲ್ಲಿ ಒಬ್ಬರು ನಮ್ಮ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅಲ್ಲಿ ಗುಂಡು ಹಾರಿಸಿದವರು ಯಾರೂ ಇರಲಿಲ್ಲ. ಗೋಡೆಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಗೆಳೆಯನ ಸೇವೆ ಕಡಿಮೆಯದಲ್ಲ. ವಿಂಗಡಣೆ ಬೇರೆ, ಅಷ್ಟೇ.

ಸಂಜೆ ಅಮರ ಚಕ್ರದ ಜ್ಯೋತಿಯ ಬಳಿ ಒಬ್ಬ ಯೋಧನ ಕುಟುಂಬದವರು ಹೂಮಾಲೆ ಇರಿಸುವ ಕಾರ್ಯಕ್ರಮವಿರುತ್ತದೆ. ಅಲ್ಲಿ ಮುಂದೆ ಹೋಗುವವರು ಹೆಂಡತಿ, ತಂದೆ, ತಾಯಿ. ‘ಗೆಳೆಯ’ ಎಂಬ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ. ಗೆಳೆಯನಿಗೆ ಉಳಿಯುವ ಕೆಲಸವೆಂದರೆ ತಾಯಿ ಮುಂದೆ ಹೋಗಿ ಬರುವವರೆಗೆ ಅವರ ಕೈಚೀಲ, ನೀರಿನ ಬಾಟಲಿ ಹಿಡಿದು ನಿಂತಿರುವುದು.